ಎಂ.ಐ. ರೂಮಿನ ಬೆಂಚು

ಪುಟ್ಟಿ,

ನೀನು ಸೈನ್ಯದ ಅಧಿಕಾರಿ ತರಬೇತಿಗೆ ಅಂತ ರೈಲು ಹತ್ತಿ ಮೂರು ದಿನವಾಯಿತು. ಹಿಂದಿನ ರಾತ್ರಿ ನಾವಿಬ್ಬರೂ ಆಡಿದ ಮಾತನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಪ್ಲಾಟ್‌ಫಾರ್ಮ್‌ನಲ್ಲಿ ನಿನ್ನ ಕಪ್ಪು ಟ್ರಂಕು ಎತ್ತಿಕೊಟ್ಟೆ, ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಅದು ತಪ್ಪು. ಅವತ್ತಿಂದ ಊಟ ಸೇರುತ್ತಿಲ್ಲ.

ಭಾನುವಾರ ನಿನ್ನ ಫೋನ್ ಬರಲಿ, ಆಗ ಮಾತಾಡೋಣ ಅಂತಿದ್ದೆ. ಆದರೆ ನಿನ್ನೆ ಸಂಜೆ ಅಮ್ಮ ಒಂದು ವಿಷಯ ಹೇಳಿದಳು. ಎರಡು ವಾರದಿಂದ ನಿನಗೆ ಬಲಗಾಲಿನ ಮುಂದಿನ ಮೂಳೆ ನೋಯುತ್ತಿದೆಯಂತೆ. ಓಡಿ ಬಂದ ಮೇಲೆ ರೂಮಿನ ಬಾಗಿಲು ಹಾಕಿಕೊಂಡು ಐಸ್ ಇಟ್ಟುಕೊಳ್ಳುತ್ತಿದ್ದೆಯಂತೆ. "ಅಪ್ಪಂಗೆ ಹೇಳ್ಬೇಡಮ್ಮ, ಮತ್ತೆ ಆ ಫೈಲ್ ತೆಗೀತಾರೆ" ಅಂದೆಯಂತೆ. ಅಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡ. ಅವಳಿಗೂ ನಿದ್ದೆ ಬಂದಿರಲಿಲ್ಲ.

ಹೌದು ಮಗಳೇ, ನನ್ನ ಕಿವಿಯ ಪಿಂಚಣಿಯ ಆ ಫೈಲ್ ತೆಗೆಯುತ್ತಿದ್ದೇನೆ. ಕೋಪ ಬಂದರೂ ಪೂರ್ತಿ ಓದು.

2003ರ ಮಾರ್ಚ್. ರಾಜಸ್ಥಾನದ ಮರಳುಗಾಡಿನಲ್ಲಿ ನಮ್ಮ ಫೈರಿಂಗ್ ಪ್ರಾಕ್ಟೀಸ್ ನಡೆದಿತ್ತು. ಯುದ್ಧ ಅಲ್ಲ, ಬರೀ ಅಭ್ಯಾಸ. 105 ಎಂಎಂ ಫೀಲ್ಡ್ ಗನ್. ನಾವೆಲ್ಲ ಕಿವಿಗೆ ಹತ್ತಿ ತುರುಕಿಕೊಂಡು ನಿಲ್ಲುತ್ತಿದ್ದೆವು. ಮೂರನೇ ದಿನ ನನ್ನ ಬಲಗಿವಿಯ ಹತ್ತಿ ಎಲ್ಲೋ ಬಿದ್ದುಹೋಯಿತು. ಬಗ್ಗಿ ಹುಡುಕುವಷ್ಟರಲ್ಲಿ ಫೈರ್ ಆರ್ಡರ್ ಬಂತು. ಅದಾದ ಮೇಲೆ ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಒಂದೇ ಸಮನೆ ಸದ್ದು. ರಾತ್ರಿಯಿಡೀ ನಿಲ್ಲಲಿಲ್ಲ.

ಮಾರನೇ ಬೆಳಗ್ಗೆ ಎಂ.ಐ. ರೂಮಿಗೆ, ಅಂದರೆ ಸೈನಿಕರಿಗೆ ಚಿಕಿತ್ಸೆ ಕೊಡುವ ಜಾಗಕ್ಕೆ ಹೋದೆ. ರೂಮು ಅಂದರೆ ಒಂದು ಟೆಂಟು. ಹೊರಗೆ ಒಂದು ಮರದ ಬೆಂಚು. ನನಗಿಂತ ಮುಂದೆ ನಾಲ್ಕು ಜನ ಕೂತಿದ್ದರು. ಒಬ್ಬನಿಗೆ ಜ್ವರ, ಒಬ್ಬನ ಕೈಗೆ ಪಟ್ಟಿ. ಅವರನ್ನೆಲ್ಲ ನೋಡಿದರೆ ನನ್ನದು ಕಾಯಿಲೆಯೇ ಅಲ್ಲ ಅನ್ನಿಸಿತು. ರಕ್ತ ಇಲ್ಲ, ಊತ ಇಲ್ಲ. ಇಪ್ಪತ್ತು ನಿಮಿಷ ಕೂತಿದ್ದೆ. ಆಮೇಲೆ ಎದ್ದು ಬಂದೆ.

ಅಷ್ಟೇ ನಡೆದದ್ದು. ಆ ಬೆಂಚಿನಿಂದ ನಾನು ಎದ್ದು ಬಂದೆ.

ಐದು ವರ್ಷದ ಮೇಲೆ, 2008ರ ವಾರ್ಷಿಕ ಮೆಡಿಕಲ್‌ನಲ್ಲಿ ಸಿಕ್ಕಿಬಿದ್ದೆ. ಸೈನ್ಯದಲ್ಲಿ ದೇಹವನ್ನು ಐದು ಅಕ್ಷರದಲ್ಲಿ ಅಳೆಯುತ್ತಾರೆ, ಶೇಪ್ ಅಂತ. ಅದರಲ್ಲಿ ಎಚ್ ಅಂದರೆ ಕಿವಿ. ಎಲ್ಲ ಸರಿ ಇದ್ದರೆ ಶೇಪ್-1. ಹಾಗಿದ್ದವನು, ಕಿವಿ ಮಂದವಾಗಿ ಎಚ್-2 ಆದೆ. 2012ರಲ್ಲಿ ಸೇವೆ ಮುಗಿದು ಮನೆಗೆ ಬರುವ ಮುಂಚೆ ರಿಲೀಸ್ ಮೆಡಿಕಲ್ ಬೋರ್ಡ್ ಮುಂದೆ ನಿಂತೆ. "ಯಾವಾಗಿನಿಂದ ಕೇಳಿಸುತ್ತಿಲ್ಲ?" ಅಂದರು. "2003, ಫೈರಿಂಗ್ ಸಾರ್" ಅಂದೆ. "ಅವತ್ತು ತೋರಿಸಿದ್ದೀರಾ? ದಾಖಲೆ ಇದೆಯಾ? ಇಂಜುರಿ ರಿಪೋರ್ಟ್?" ಏನೂ ಇರಲಿಲ್ಲ. ಶೇ. 20 ಅಂಗವೈಕಲ್ಯ, ಜೀವನಪರ್ಯಂತ ಅಂತ ಬರೆದರು. ಅದರ ಕೆಳಗೇ ಇನ್ನೊಂದು ಸಾಲು. ಇದು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಜಾಸ್ತಿಯಾದದ್ದೂ ಅಲ್ಲ. ಕಾರಣ, ಶಾಂತಿ ನೆಲೆಯಲ್ಲಿದ್ದಾಗ ಶುರುವಾಗಿದೆ.

ನಮ್ಮವರು ಅದಕ್ಕೆ "ನಾನಾ" ಅಂತಾರೆ. ಇಂಗ್ಲಿಷ್‌ನ ನಾಲ್ಕು ಪದಗಳ ಮೊದಲ ಅಕ್ಷರ ಸೇರಿಸಿ ಮಾಡಿದ ಮಾತು. ಮಾಜಿ ಸೈನಿಕರು ನಾಲ್ಕು ಜನ ಸೇರಿದ ಕಡೆ ಹೋಗಿ ಕೇಳು, ಒಬ್ಬನಾದರೂ "ನಂಗೂ ನಾನಾ ಹಾಕಿದ್ರು" ಅಂತಾನೆ. ಪುಟ್ಟಿ, ತೋಪಿನ ಸದ್ದು ಯುದ್ಧದಲ್ಲೂ ಅಷ್ಟೇ, ಅಭ್ಯಾಸದಲ್ಲೂ ಅಷ್ಟೇ. ಆದರೆ ನನ್ನ ಕೈಯಲ್ಲಿ ಕಾಗದ ಇರಲಿಲ್ಲ. ಸದ್ದಿಗೆ ಸಾಕ್ಷಿ ಎಲ್ಲಿಂದ ತರಲಿ?

ಬೋರ್ಡಿನ ಡಾಕ್ಟರನ್ನು ಬಹಳ ವರ್ಷ ಬೈದುಕೊಂಡೆ. ಈಗ ಬೈಯುವುದಿಲ್ಲ. ಕಣ್ಣು ಮುಚ್ಚಿದರೆ ಅವರ ಮುಖ ಬರುವುದಿಲ್ಲ, ಆ ಬೆಂಚು ಬರುತ್ತದೆ. ಒಂದು ಕಾಲು ಸ್ವಲ್ಪ ಗಿಡ್ಡ ಇತ್ತು. ಯಾರಾದರೂ ಎದ್ದರೆ ಈ ಕಡೆ ವಾಲುತ್ತಿತ್ತು.

ಅಂಗವೈಕಲ್ಯ ಪಿಂಚಣಿ ಹೇಗೆ ನಡೆಯುತ್ತದೆ ಅಂತ ನಿನಗೆ ಯಾವತ್ತೂ ನೆಟ್ಟಗೆ ಕೂರಿಸಿ ಹೇಳಲಿಲ್ಲ. ಬರೀ ಗೊಣಗಿದ್ದೇನೆ. ಅದರಲ್ಲಿ ಎರಡು ಭಾಗ. ಒಂದು ಸೇವೆಗೆ, ಇನ್ನೊಂದು ಅಂಗವೈಕಲ್ಯಕ್ಕೆ. ಸೇವೆಯದು ನನಗೆ ಹೇಗೂ ಬರುತ್ತಿತ್ತು. ಎರಡನೆಯದಕ್ಕೆ ಎರಡು ಬಾಗಿಲು ದಾಟಬೇಕು. ಅಂಗವೈಕಲ್ಯ ಕನಿಷ್ಠ ಶೇ. 20 ಇರಬೇಕು. ಅದು ಸೇವೆಯಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಹೆಚ್ಚಾಗಿರಬೇಕು. ಪೂರ್ತಿ ಶೇ. 100 ಆದವರಿಗೆ ಕೊನೆಯ ವೇತನದ ಶೇ. 30 ಸಿಗುತ್ತದೆ. ಕಡಿಮೆ ಇದ್ದವರಿಗೆ ಅದೇ ಲೆಕ್ಕದಲ್ಲಿ ಕಡಿಮೆ. ಶೇ. 50ಕ್ಕಿಂತ ಕೆಳಗಿದ್ದರೆ ಅದನ್ನು 50 ಅಂತಲೇ ಹಿಡಿಯಬೇಕು ಅನ್ನುವ ನಿಯಮ ಇದೆ. ಆದರೆ ಸರ್ಕಾರ ಅದನ್ನು ಅಂಗವೈಕಲ್ಯದಿಂದಾಗಿ ಅರ್ಧಕ್ಕೇ ಸೇವೆಯಿಂದ ಹೊರಬಿದ್ದವರಿಗೆ ಮಾತ್ರ ಕೊಡುತ್ತಿತ್ತು. ನನ್ನ ಹಾಗೆ ಅವಧಿ ಮುಗಿಸಿ ಬಂದವರಿಗೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿದ್ದು 2014ರ ಡಿಸೆಂಬರ್‌ನಲ್ಲಿ.

ಮೊದಲ ಅಪೀಲು ತಿರಸ್ಕಾರ. ಎರಡನೆಯದೂ ತಿರಸ್ಕಾರ. ಎರಡರಲ್ಲೂ ಒಂದೇ ವಾಕ್ಯ, ತಾರೀಖು ಮಾತ್ರ ಬೇರೆ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಕೊಚ್ಚಿ ಪೀಠ. ರಾತ್ರಿ ಬಸ್ಸಿನಲ್ಲಿ ಹೋಗಿ ರಾತ್ರಿ ಬಸ್ಸಿನಲ್ಲೇ ಬರುತ್ತಿದ್ದೆ. ನೀನು ಶಾಲೆಯಲ್ಲಿ ಓಟದಲ್ಲಿ ಗೆದ್ದು ಕಪ್ಪು ತಗೊಂಡ ದಿನ ನಾನು ಅಲ್ಲಿದ್ದೆ. ನೀನು ಅದನ್ನು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ. ಕಪ್ಪನ್ನು ಮಾತ್ರ ನನ್ನ ಫೈಲಿನ ಮೇಲೆ ಇಟ್ಟಿದ್ದೆ. ನಾನು ಫೈಲ್ ತೆಗೆಯಬೇಕಾದರೆ ಕಪ್ಪನ್ನು ಎತ್ತಿಡಬೇಕಿತ್ತು. ಗೊತ್ತಾಗಿತ್ತು ಪುಟ್ಟಿ. ಕ್ಷಮಿಸು.

ಕೊನೆಗೆ ನನ್ನ ಕೈ ಹಿಡಿದದ್ದು 2013ರ ಧರಮ್‌ವೀರ್ ಸಿಂಗ್ ತೀರ್ಪು. ಆ ಪುಣ್ಯಾತ್ಮ ಮೂರ್ಛೆ ರೋಗದಿಂದ ಸೇವೆ ಕಳೆದುಕೊಂಡವನು. ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು. ಸೇರುವಾಗ ನೀವೇ ಪರೀಕ್ಷೆ ಮಾಡಿ ಆರೋಗ್ಯವಂತ ಅಂತ ತಗೊಂಡಿದ್ದೀರಿ. ಯಾವ ಕಾಯಿಲೆಯನ್ನೂ ಅವತ್ತು ಬರೆದಿಲ್ಲ. ಹಾಗಾದರೆ ಆಮೇಲೆ ಬಂದದ್ದು ಸೇವೆಯಿಂದಲೇ ಬಂತು ಅಂತ ತಿಳಿಯಬೇಕು. ಅಲ್ಲ ಅನ್ನುವುದಾದರೆ ಅದನ್ನು ತೋರಿಸುವ ಹೊಣೆ ಸೈನಿಕನದಲ್ಲ, ನಿಮ್ಮದು. ವಕೀಲರು ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ನಾನು ಅವರ ಆಫೀಸಿನಲ್ಲೇ ಅತ್ತುಬಿಟ್ಟೆ. ಅಮ್ಮನಿಗೂ ಹೇಳಿಲ್ಲ.

2017ರಲ್ಲಿ ಗೆದ್ದೆವು. ಶೇ. 20 ಇದ್ದದ್ದು 50 ಆಯಿತು. ನನ್ನ ಕೊನೆಯ ವೇತನ ಸುಮಾರು 15,000. ಲೆಕ್ಕ ಹಾಕಿದರೆ ತಿಂಗಳಿಗೆ 2,250 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. "ಎರಡು ಸಾವಿರಕ್ಕೆ ಐದು ವರ್ಷ ಮನೆಯಲ್ಲಿ ಯಾರನ್ನೂ ನಗೋಕೆ ಬಿಡಲಿಲ್ಲ" ಅಂದೆಯಲ್ಲ ನೀನು. ನಿಜ. ಆದರೆ ನಾನು ಹೋದದ್ದು ಬರೀ ಆ ದುಡ್ಡಿಗಲ್ಲ. ಆ ಕಾಗದದ ಪ್ರಕಾರ ನನ್ನ ಕಿವಿ ಸುಮ್ನೆ ಹೋಗಿತ್ತು. ಇಪ್ಪತ್ತು ವರ್ಷ ತೋಪಿನ ಪಕ್ಕ ನಿಂತವನ ಕಿವಿ ಸುಮ್ನೆ ಹೋಯಿತು ಅಂತ ಸರ್ಕಾರದ ಮೊಹರಿನ ಕೆಳಗೆ ಇರಬಾರದಿತ್ತು. ಇದನ್ನು ಅವತ್ತು ರಾತ್ರಿ ಹೇಳಬೇಕಿತ್ತು. ಕೂಗಾಡಿಬಿಟ್ಟೆ.

ಈಗ ನಿನ್ನ ಕಾಲಿಗೆ ಬರುತ್ತೇನೆ.

ನೀನು ಇನ್ನೂ ಕೆಡೆಟ್. ಪಾಸಿಂಗ್ ಔಟ್ ಆಗಿ ಹೆಗಲ ಮೇಲೆ ನಕ್ಷತ್ರ ಬರುವವರೆಗೆ ನೀನು ಅಧಿಕಾರಿ ಅಲ್ಲ. ತರಬೇತಿಯಲ್ಲಿ ಪೆಟ್ಟಾಗಿ ಮೆಡಿಕಲ್ ಬೋರ್ಡ್ ನಿನ್ನನ್ನು ಮನೆಗೆ ಕಳಿಸಿದರೆ ನಿನಗೆ ಮಾಜಿ ಸೈನಿಕರ ದರ್ಜೆಯೇ ಇಲ್ಲ. ನನಗೆ ಬರುವ ಥರದ ಪಿಂಚಣಿ ಇಲ್ಲ. ತಿಂಗಳಿಗಿಷ್ಟು ಅಂತ ಪರಿಹಾರಧನ ಕೊಡುತ್ತಾರೆ, ಅದನ್ನು ಪಿಂಚಣಿ ಅಂತ ಕರೆಯುವುದಿಲ್ಲ. ಹೀಗೆ ಮನೆಗೆ ಬಂದ ಮಕ್ಕಳ ಕಥೆ ಪತ್ರಿಕೆಯಲ್ಲಿ ಬಂದ ಮೇಲೆ, 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡಿತು. ಅದೇ ತಿಂಗಳು ಸರ್ಕಾರ ಅವರಿಗೆ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಆಸ್ಪತ್ರೆ ಸೌಲಭ್ಯ ಕೊಟ್ಟಿತು. ನಿನ್ನ ಕಾಲ್‌ ಲೆಟರ್ ಬಂದ ದಿನದಿಂದ ನಾನು ಆ ಸುದ್ದಿ ಇದ್ದ ಪತ್ರಿಕೆಯ ತುಣುಕನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಊರಿಗೆಲ್ಲ ಸಿಹಿ ಹಂಚಿದ್ದೂ ನಾನೇ. ನಮ್ಮ ವಂಶದಲ್ಲೇ ಮೊದಲ ಅಧಿಕಾರಿ, ಅದೂ ಹವಾಲ್ದಾರನ ಮಗಳು, ಅಂತ ಹಾಲಿನ ಡೈರಿಯಲ್ಲಿ ಕೂಗಿ ಹೇಳಿದ್ದೇನೆ. ಎರಡೂ ಒಂದೇ ಎದೆಯಲ್ಲಿ ಇದ್ದವು.

ಕಾಲಿನ ಮುಂದಿನ ಮೂಳೆ ನೋವು ಚಿಕ್ಕದಲ್ಲ. ಓಡಿ ಓಡಿ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಹೊಸಬರಲ್ಲಿ ಇದು ಸಾಮಾನ್ಯ, ಹೆಣ್ಣುಮಕ್ಕಳಲ್ಲಿ ಇನ್ನೂ ಜಾಸ್ತಿ. ಮೊದಲೇ ನಿಲ್ಲಿಸಿದರೆ ಕೆಲವು ವಾರದ ವಿಶ್ರಾಂತಿಯಲ್ಲಿ ಕೂಡಿಕೊಳ್ಳುತ್ತದೆ. ಹಲ್ಲು ಕಚ್ಚಿಕೊಂಡು ಓಡಿದರೆ ಪೂರ್ತಿ ಮುರಿಯಬಹುದು. ನೀನು ಯಾಕೆ ಮುಚ್ಚಿಡುತ್ತೀಯ ಅಂತಲೂ ಗೊತ್ತು. ಜಾಸ್ತಿ ದಿನ ತಪ್ಪಿದರೆ ರೆಲಿಗೇಟ್ ಮಾಡುತ್ತಾರೆ. ಆರು ತಿಂಗಳು ಹಿಂದೆ ಬೀಳುತ್ತೀಯ. ಜೊತೆಯವರು ನಕ್ಷತ್ರ ಹಾಕಿಕೊಂಡು ಹೋಗುವುದನ್ನು ನಿಂತು ನೋಡಬೇಕಾಗುತ್ತದೆ. ಅದು ಕಷ್ಟ ಅಲ್ಲ ಅಂತ ನಾನು ಹೇಳಲಾರೆ.

ಆದರೂ ಹೋಗು. ನೋವು ಬಂದ ದಿನವೇ ಸಿಕ್ ರಿಪೋರ್ಟ್ ಮಾಡು. ಡಾಕ್ಟರು ನೋಡಿದ್ದನ್ನು ಬರೆಯುವವರೆಗೂ ಅಲ್ಲಿಂದ ಏಳಬೇಡ. ಬಿದ್ದು ಪೆಟ್ಟಾದರೆ ಇಂಜುರಿ ರಿಪೋರ್ಟ್ ಆಗಬೇಕು. ನಮ್ಮಲ್ಲಿ ಅದಕ್ಕೆ ಐಎಎಫ್‌ವೈ 2006 ಅಂತಾರೆ. ಆ ಹೆಸರು ನೆನಪಿಟ್ಟುಕೋ. ಪ್ರತಿ ಕಾಗದದ ಫೋಟೋ ತೆಗೆದು ಅಮ್ಮನಿಗೆ ಕಳಿಸು. ಜೊತೆಗಿದ್ದವರ ಹೆಸರು, ತಾರೀಖು, ಜಾಗ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ಇನ್ನೊಂದು ಮಾತು. ಯಾವಾಗಿಂದ ಅಂತ ಕೇಳಿದರೆ ಎರಡು ವಾರದಿಂದ, ಮನೆಯಲ್ಲೇ ಶುರುವಾಯಿತು ಅಂತಲೇ ಹೇಳು. ಸುಳ್ಳು ಬೇಡ. ಸೇವೆಯಿಂದ ಬಂದದ್ದು ಒಂದು, ಮೊದಲೇ ಇದ್ದು ಸೇವೆಯಿಂದ ಹೆಚ್ಚಾದದ್ದು ಇನ್ನೊಂದು. ನಿಯಮದಲ್ಲಿ ಎರಡಕ್ಕೂ ಜಾಗ ಇದೆ. ಸುಳ್ಳಿಗೆ ಎಲ್ಲೂ ಜಾಗ ಇಲ್ಲ. 2023ರ ಸೆಪ್ಟೆಂಬರ್‌ನಿಂದ ಹೊಸ ನಿಯಮಾವಳಿ ಬಂದಿದೆ, ಕಾಗದದ ಮಹತ್ವ ಏನೂ ಕಮ್ಮಿಯಾಗಿಲ್ಲ.

ನೋಡು, ಪಾಠ ಶುರುಮಾಡಿಬಿಟ್ಟೆ. ಬೇಡ ಅಂದುಕೊಂಡೇ ಪೆನ್ನು ಹಿಡಿದಿದ್ದೆ. ನಮ್ಮ ಮನೆಗೆ ಫೈಲ್ ಹಿಡಿದು ಬರುವ ಪ್ರತಿಯೊಬ್ಬ ಮಾಜಿ ಸೈನಿಕನಿಗೂ ಇದನ್ನೇ ಹೇಳುತ್ತೇನೆ. ಅವರಿಗೆ ಹೇಳುವ ಹೊತ್ತಿಗೆ ತಡವಾಗಿರುತ್ತದೆ. ನಿನಗೆ ಇನ್ನೂ ತಡವಾಗಿಲ್ಲ, ಅದಕ್ಕೇ ಇಷ್ಟು ಉದ್ದ.

ಮನೆ ವಿಷಯವೂ ಒಂದಿದೆ. ಪಿಂಚಣಿ ಮಂಜೂರಾದ ಆದೇಶ ಪಿಪಿಒ, ನ್ಯಾಯಮಂಡಳಿ ಆದೇಶ, ಅಮ್ಮನ ಜೊತೆಗಿನ ಜಾಯಿಂಟ್ ಫೋಟೋ, ಎಲ್ಲ ನನ್ನ ಹಳೇ ಟ್ರಂಕಿನಲ್ಲಿ ನೀಲಿ ಕವರಿನಲ್ಲಿವೆ. ನನ್ನ ನಂತರ ಅಮ್ಮನಿಗೆ ಬರುವುದು ಕುಟುಂಬ ಪಿಂಚಣಿ. ಕಿವಿಯ ದುಡ್ಡು ನನ್ನ ಜೊತೆಗೇ ನಿಲ್ಲುತ್ತದೆ. ಅವಳಿಗೆ ಇದು ಗೊತ್ತಿರಲಿ ಅಂತ ಹೇಳಲು ಹೋದರೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ನೀನೇ ಸಮಯ ನೋಡಿ ಹೇಳು. ನವೆಂಬರ್ ಬಂದರೆ ನಮ್ಮ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ಗೆ ಜೀವಿತ ಪ್ರಮಾಣಪತ್ರ ಕೊಡಬೇಕು. ಕಳೆದ ಸಲ ನೀನು ನನ್ನ ಮುಖದ ಮುಂದೆ ಫೋನ್ ಹಿಡಿದು "ಕಣ್ಣು ಮಿಟುಕಿಸಿ ಅಪ್ಪ" ಅಂತ ನಾಲ್ಕು ಸಲ ಹೇಳಿದೆ. ನಾನು ಕೇಳಿಸಿಕೊಂಡಿರಲಿಲ್ಲ, ನೀನು ಬಲಗಡೆ ನಿಂತಿದ್ದೆ. ಆಗ ನೀನು ಎಡಗಡೆಗೆ ಬಂದು ನಿಧಾನವಾಗಿ ಹೇಳಿದೆ. ಈ ವರ್ಷ ಹೇಗೆ ಅಂತ ಯೋಚಿಸುತ್ತಿದ್ದೇನೆ.

ಆ ಬೆಂಚಿನಿಂದ ಯಾಕೆ ಎದ್ದೆ ಅಂತ ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಮುಂದೆ ನಾಲ್ಕು ಜನ ಇದ್ದದ್ದು ನಿಜ. ಆದರೆ ನನ್ನ ಜೇಬಿನಲ್ಲಿ ಮಂಜೂರಾದ ರಜೆ ಚೀಟಿ ಇತ್ತು. ಮಾರನೇ ದಿನ ಹೊರಡಬೇಕಿತ್ತು. ಸಿಕ್ ರಿಪೋರ್ಟ್ ಆದರೆ ಆಸ್ಪತ್ರೆಗೆ ಹಾಕುತ್ತಾರೆ, ರಜೆ ರದ್ದಾಗುತ್ತದೆ ಅನ್ನಿಸಿತು. ನಿನಗೆ ಒಂದು ವರ್ಷ ತುಂಬುವುದಿತ್ತು. ನೀನು ಹುಟ್ಟಿದ ಮೇಲೆ ನಾನು ನಿನ್ನನ್ನು ನೋಡಿದ್ದು ಒಂದೇ ಸಲ.

ಇದನ್ನು ನಿನ್ನ ತಲೆ ಮೇಲೆ ಹೊರಿಸಲು ಬರೆಯುತ್ತಿಲ್ಲ ಕಂದಾ. ಅವತ್ತು ಮನೆಗೆ ಬಂದಾಗ ನೀನು ಗೋಡೆ ಹಿಡಿದು ನಿಂತಿದ್ದೆ. ನನ್ನನ್ನು ನೋಡಿ ಹೆದರಿ ಅತ್ತೆ. ಆಮೇಲೆ ಸಂಜೆ ಹೊತ್ತಿಗೆ ಮೀಸೆ ಹಿಡಿದು ಎಳೆದೆ. ಇನ್ನೊಂದು ಸಲ ಅದೇ ಬೆಂಚಿನ ಮೇಲೆ ಕೂರಿಸಿದರೂ ನಾನು ಎದ್ದು ಬರುತ್ತಿದ್ದೆನೇನೋ. ಅದಕ್ಕೇ ನನಗೆ ಹೆದರಿಕೆ. ನಿನಗೂ ಎದ್ದು ಬರಲು ಒಂದು ಒಳ್ಳೆಯ ಕಾರಣ ಸಿಕ್ಕೇ ಸಿಗುತ್ತದೆ.

ಅಮ್ಮ ನಿಂಬೆ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಒಳಗೆ ಬಿಡುತ್ತಾರಾ ಕೇಳಿ ತಿಳಿಸು. ಡಾಕ್ಟರ ಹತ್ತಿರ ಹೋದ ತಾರೀಖನ್ನೂ ತಿಳಿಸು. ಭಾನುವಾರ ಫೋನ್ ಕೈಗೆ ಕೊಟ್ಟರೆ ಅಮ್ಮನ ನಂಬರಿಗೇ ಮಾಡು. ನಾನು ಎಡಗಿವಿಗೆ ಹಿಡಿದುಕೊಳ್ಳುತ್ತೇನೆ. ನಿಧಾನವಾಗಿ ಮಾತಾಡು.

ನಿನ್ನ ಅಪ್ಪ