ಮುತ್ತಜ್ಜನನ್ನು ವಜಾ ಮಾಡಿದ ನಿಮ್ಮ ವರದಿ

ಇವರಿಗೆ,
ವ್ಯವಸ್ಥಾಪಕರು, ವಂಶಾವಳಿ ಸಂಶೋಧನಾ ಸೇವೆ

ವಿಷಯ: ನಾವಿಕರ ದಾಖಲೆಗಳನ್ನು ತಪ್ಪಾಗಿ ಓದಿರುವ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು 14,500 ರೂಪಾಯಿ ಕಟ್ಟಿ ನಮ್ಮ ಮುತ್ತಜ್ಜನ ಹಡಗಿನ ಕಾಗದಗಳನ್ನು ನಿಮಗೆ ಒಪ್ಪಿಸಿದ್ದೆ. ಮಂಗಳೂರು ಕಡೆಯಿಂದ ಬಾಂಬೆಗೆ ಹೋಗಿ ಬ್ರಿಟಿಷರ ಸರಕು ಹಡಗುಗಳಲ್ಲಿ ದುಡಿದವರು ಅವರು. ನಿಮ್ಮ ಒಂಬತ್ತು ಪುಟದ ವರದಿ ಕೈ ಸೇರಿದೆ. ಬೈಂಡಿಂಗ್ ಚೆನ್ನಾಗಿದೆ.

ಅವರನ್ನು ಮೂರು ಸಲ ಕೆಲಸದಿಂದ ವಜಾ ಮಾಡಿದ್ದರು ಎಂದು ಬರೆದಿದ್ದೀರಿ. 82 ವರ್ಷದ ನಮ್ಮ ದೊಡ್ಡಪ್ಪ ಅದನ್ನು ಓದಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕಾಗದದಲ್ಲಿ ಇರುವುದು 'ಡಿಸ್ಚಾರ್ಜ್ಡ್, ಬಾಂಬೆ' ಎಂದು ಮಾತ್ರ. ಪ್ರಯಾಣ ಮುಗಿದು ಕರಾರು ತೀರಿದಾಗ ಎಲ್ಲರಿಗೂ ಹೀಗೇ ಬರೆಯುತ್ತಿದ್ದರು. ನಾವಿಕರ ಸೇವಾ ಪುಸ್ತಕದ ಹೆಸರೇ ಡಿಸ್ಚಾರ್ಜ್ ಸರ್ಟಿಫಿಕೇಟ್. ವಜಾ ಆದವನಿಗೆ ಯಾರಾದರೂ ಸರ್ಟಿಫಿಕೇಟ್ ಕೊಡುತ್ತಾರಾ? ಪಕ್ಕದಲ್ಲೇ 'ವಿ.ಜಿ.' ಎಂಬ ಮುದ್ರೆ ಎರಡೆರಡು ಕಡೆ ಇದೆ. ಕೆಲಸವೂ ನಡತೆಯೂ 'ವೆರಿ ಗುಡ್' ಎಂದು ಅದರ ಅರ್ಥ. ನೀವು ಅದನ್ನು ಕ್ಯಾಪ್ಟನ್ನರ ಇನಿಷಿಯಲ್ ಎಂದುಕೊಂಡಿದ್ದೀರಿ!

ಇನ್ನು ಹೆಸರು. ನಮ್ಮ ಮನೆತನಕ್ಕೆ 'ಭಂಡಾರಿ' ಎಂಬ ಅಡ್ಡಹೆಸರು ಹಚ್ಚಿ, ಆ ಹೆಸರಿನ ಕುಟುಂಬಗಳನ್ನು ಹುಡುಕುತ್ತಾ ನಾಲ್ಕು ಪುಟ ತುಂಬಿಸಿದ್ದೀರಿ. ನಮ್ಮ ಜಿಲ್ಲೆಯಲ್ಲಿ ಭಂಡಾರಿಗಳು ಬೇಕಾದಷ್ಟು ಜನ ಇದ್ದಾರೆ ನಿಜ, ಆದರೆ ನಾವು ಅಲ್ಲ. ಲಸ್ಕರ್ ಎಂದು ಕರೆಯುತ್ತಿದ್ದ ಭಾರತೀಯ ನಾವಿಕರ ತಂಡದಲ್ಲಿ ಭಂಡಾರಿ ಎಂದರೆ ಅಡುಗೆಯವನು. ಸಾರಂಗ (ನಾವಿಕರ ಮುಖಂಡ), ಟಿಂಡಾಲ್ (ಅವನ ಕೈಕೆಳಗಿನವನು) ಇದ್ದ ಹಾಗೆ ಅದೂ ಒಂದು ಹುದ್ದೆ. ಮುತ್ತಜ್ಜ ಹಡಗಿನಲ್ಲಿ ಅನ್ನ ಬೇಯಿಸುತ್ತಿದ್ದರು ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನ್ನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಹಿಂದಿನ ಹಡಗಿನ ಹೆಸರು 'ಸೇಮ್' ಅಂತೆ. ಅಂಥ ಹಡಗು ಇರಲಿಲ್ಲ, ಸ್ವಾಮಿ. ಅದೇ ಹಡಗಿಗೆ ಮತ್ತೆ ಸೇರಿದವರ ಎದುರು 'ಹಿಂದಿನ ಹಡಗು' ಎಂಬ ಕಾಲಂನಲ್ಲಿ 'ಸೇಮ್' ಎಂದು ಬರೆಯುತ್ತಿದ್ದರು. ಕಾಗದಗಳ ಜೊತೆಗಿದ್ದ ನಾವಿಕ ಕಾರ್ಡಿನ ಹಿಂಬದಿಯ ಆರಂಕಿಯ ಸಂಖ್ಯೆಗಳೂ ಮುತ್ತಜ್ಜನದ್ದಲ್ಲ, ಹಡಗುಗಳ ಅಧಿಕೃತ ಸಂಖ್ಯೆಗಳು. ಹೆಸರು ಬದಲಾದರೂ ಹಡಗಿನ ಆ ಸಂಖ್ಯೆ ಬದಲಾಗುವುದಿಲ್ಲ. ಅದನ್ನು ಹಿಡಿದು ಹೋಗಿದ್ದರೆ ಅವರು ಯಾವ ಯಾವ ಹಡಗಿನಲ್ಲಿದ್ದರು ಅಂತ ಸಿಗುತ್ತಿತ್ತು, ಅಲ್ವಾ? ನಾನು ದುಡ್ಡು ಕೊಟ್ಟಿದ್ದೇ ಅದಕ್ಕೆ.

1922ರಲ್ಲಿ ಅವರು ಸಮುದ್ರಕ್ಕೇ ಹೋಗಿಲ್ಲ ಎಂದಿದ್ದೀರಿ. ಕಾರಣ, ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಅವರ ಹೆಸರಿರುವ ಹಡಗಿನ ಸಿಬ್ಬಂದಿ ಪಟ್ಟಿ ಸಿಗಲಿಲ್ಲ. ಅಲ್ಲಿರುವುದು 1861ರಿಂದ 1938ರವರೆಗಿನ ಸಿಬ್ಬಂದಿ ಪಟ್ಟಿಗಳಲ್ಲಿ ಶೇಕಡಾ 10ರಷ್ಟು ಮಾತ್ರ. 5ರಲ್ಲಿ ಕೊನೆಯಾಗುವ ವರ್ಷಗಳ ಉಳಿದ ಪಟ್ಟಿಗಳು ಗ್ರೀನಿಚ್‌ನ ಮ್ಯಾರಿಟೈಮ್ ಮ್ಯೂಸಿಯಂನಲ್ಲಿವೆ. ಮಿಕ್ಕ ವರ್ಷಗಳ ಪಟ್ಟಿಗಳು ಹೆಚ್ಚಾಗಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿವೆ. ನೀವು ಅಲ್ಲಿಗೆ ಒಂದು ಇಮೇಲ್ ಕೂಡ ಕಳಿಸಿಲ್ಲ ಎಂದು ನಿಮ್ಮ ಸಿಬ್ಬಂದಿಯೇ ಫೋನಿನಲ್ಲಿ ಒಪ್ಪಿಕೊಂಡರು.

ಹಳೆಯ ಕೈಬರಹ ಓದುವಾಗ ತಪ್ಪಾಗುವುದು ಸಹಜ. ಅಕ್ಷರ ತಪ್ಪಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ಇಲ್ಲಿ ಅಕ್ಷರವೆಲ್ಲ ಸರಿಯಾಗಿಯೇ ಓದಿದ್ದೀರಿ, ಹಡಗಿನವರ ಮಾತು ಮಾತ್ರ ಗೊತ್ತಿಲ್ಲ.

15 ದಿನದೊಳಗೆ ಈ ದಾಖಲೆಗಳ ಪರಿಚಯ ಇರುವವರಿಂದ ವರದಿಯನ್ನು ಹೊಸದಾಗಿ ಬರೆಸಿ ಕೊಡಿ. ಆಗದಿದ್ದರೆ ಪೂರ್ತಿ ಹಣ ವಾಪಸ್ ಮಾಡಿ. ಎರಡೂ ಆಗದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಏನೇ ಆಗಲಿ, 'ವಜಾ' ಎಂದು ಬರೆದದ್ದು ತಪ್ಪು ಅಂತ ಒಂದು ಪತ್ರ ಬೇಕೇ ಬೇಕು. ಅದನ್ನು ನನ್ನ ಹೆಸರಿಗಲ್ಲ, ದೊಡ್ಡಪ್ಪನ ಹೆಸರಿಗೆ ಕಳಿಸಿ. ಕನ್ನಡದಲ್ಲಿ.

ಇಂತಿ,
ನಿಮ್ಮ ಗ್ರಾಹಕ