ಗ್ರಾಹಕರ ಫೋಟೊ ಇನ್ನು ಮುಂದೆ ಹಾಕುವುದಿಲ್ಲ

ಆತ್ಮೀಯ ಗ್ರಾಹಕರಿಗೆ,

ನಮಸ್ಕಾರ. ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಟೈಲರಿಂಗ್ ಸಂಘದ ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಸ್ಟೇಟಸ್ ಯಾವುದರಲ್ಲೂ ಗ್ರಾಹಕರು ಬ್ಲೌಸ್ ತೊಟ್ಟುಕೊಂಡ ಫೋಟೊ ಇರುವುದಿಲ್ಲ. ಮಗ್ಗಂ ವರ್ಕ್ ಆಗಲಿ, ಸೀರೆ ಕುಚ್ಚಾಗಲಿ, ಹ್ಯಾಂಗರಿಗೋ ಗೊಂಬೆಗೋ ಹಾಕಿ ತೆಗೆದ ಫೋಟೊ ಮಾತ್ರ ಹಾಕುತ್ತೇವೆ. ಮುಖ ಕಾಣುವ ಹಳೇ ಫೋಟೊಗಳನ್ನೂ ತೆಗೆದುಹಾಕುತ್ತಿದ್ದೇವೆ. ಅವೆಲ್ಲ ನೀವು ಒಪ್ಪಿಕೊಟ್ಟ ಫೋಟೊಗಳೇ. ಆದರೂ ಯಾಕೆ ತೆಗೆಯುತ್ತಿದ್ದೇವೆ ಎಂಬುದನ್ನು ನಿಮಗೆ ವಿವರವಾಗಿ ಹೇಳಬೇಕು.

ನಮ್ಮಲ್ಲಿ ಒಬ್ಬರು ಮಗಳ ನಿಶ್ಚಿತಾರ್ಥಕ್ಕೆ ಬ್ಲೌಸ್ ಹೊಲಿಸಿದ್ದರು. ತೋಳಿನ ಮೇಲೆ ಜರಿ ದಾರದಲ್ಲಿ ಹುಡುಗ ಹುಡುಗಿಯ ಹೆಸರು, ಸುತ್ತ ಸಣ್ಣ ಮುತ್ತಿನ ಸಾಲು. ಫೋಟೊಗೆ ಖುಷಿಯಿಂದಲೇ ಒಪ್ಪಿದ್ದರು. ಮುಂದೆ ಆ ಸಂಬಂಧ ಮುರಿದುಬಿತ್ತು. ತಾಯಿ ಬಂದು, “ಅಕ್ಕ, ಆ ಫೋಟೊ ತೆಗೆದುಬಿಡಿ” ಅಂದರು. ಅವರೆದುರೇ ತೆಗೆದೆವು. ಆಮೇಲೆ ಅವರು ಕೇಳಿದ್ದು ಒಂದೇ ಮಾತು: “ಇನ್ನು ಯಾರಿಗೂ ಕಾಣಲ್ಲ ಅಲ್ವಾ?” ನಮ್ಮ ಪೇಜಿನಲ್ಲಿ ಕಾಣಲ್ಲ ಎಂದಷ್ಟೇ ಧೈರ್ಯವಾಗಿ ಹೇಳಲು ಆಯಿತು. (ಅವರನ್ನು ಕೇಳಿ, ಊರು ಹೆಸರು ಬಿಟ್ಟು ಇದನ್ನು ಬರೆದಿದ್ದೇವೆ.) ಅದೇ ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ಇರುತ್ತದೆ.

ಇನ್‌ಸ್ಟಾಗ್ರಾಂನಲ್ಲಿ ಡಿಲೀಟ್ ಒತ್ತಿದ ಪೋಸ್ಟ್ ಬೇರೆಯವರಿಗೆ ಆಗಲೇ ಕಾಣದಂತಾಗುತ್ತದೆ. ಆದರೆ “ಇತ್ತೀಚೆಗೆ ಅಳಿಸಿದವು” (Recently Deleted) ಎಂಬ ವಿಭಾಗದಲ್ಲಿ 30 ದಿನ ಉಳಿದಿರುತ್ತದೆ. ಖಾತೆ ಹ್ಯಾಕ್ ಮಾಡಿದವರು ಫೋಟೊಗಳನ್ನು ಅಳಿಸಿಹಾಕಿದರೆ ಖಾತೆದಾರರಿಗೆ ವಾಪಸ್ ಸಿಗಲಿ ಎಂದು 2021ರಲ್ಲಿ ತಂದ ವ್ಯವಸ್ಥೆ ಅದು. ಖಾತೆಯವರಿಗೆ ಬಿಟ್ಟು ಬೇರೆ ಯಾರಿಗೂ ಅದು ಕಾಣದು. ಫೇಸ್‌ಬುಕ್‌ನಲ್ಲೂ ಟ್ರ್ಯಾಶ್‌ಗೆ ಹೋದದ್ದು 30 ದಿನ ಅಲ್ಲೇ ಇರುತ್ತದೆ. ನಾವು ಅಲ್ಲಿಗೂ ಹೋಗಿ ಎರಡನೇ ಸಲ ಅಳಿಸುತ್ತಿದ್ದೇವೆ. ಆರ್ಕೈವ್ ಎಂಬ ಇನ್ನೊಂದು ಆಯ್ಕೆ ಇದೆ. ಅದರಲ್ಲಿ ಫೋಟೊ ಮರೆಯಾಗುತ್ತದೆ ಅಷ್ಟೇ, ಅಳಿಯುವುದಿಲ್ಲ. ಅದನ್ನು ನಾವು ಬಳಸುವುದಿಲ್ಲ. ಇಷ್ಟಾದರೂ ಕಂಪನಿಯ ಸರ್ವರ್‌ಗಳಿಂದ (ಮಾಹಿತಿ ಇಟ್ಟಿರುವ ಕಂಪ್ಯೂಟರ್‌ಗಳಿಂದ) ಪೂರ್ತಿ ಹೋಗಲು 90 ದಿನದವರೆಗೆ ಹಿಡಿಯಬಹುದು ಎಂದು, ಎರಡೂ ಆ್ಯಪ್‌ಗಳ ಒಡೆತನವಿರುವ ಮೆಟಾ ತನ್ನ ನೀತಿಯಲ್ಲೇ ಬರೆದುಕೊಂಡಿದೆ. ಬ್ಯಾಕಪ್‌ಗಳಿಂದ ಹೋಗಲು ಇನ್ನೂ ಸಮಯ ಬೇಕು. ಕಂಪನಿಯಲ್ಲಿ ಉಳಿದ ಆ ನಕಲು ನೆಂಟರಿಷ್ಟರಿಗೆ, ಬೀದಿಯವರಿಗೆ ಸಿಗುವಂಥದ್ದಲ್ಲ. ಅದರ ಬಗ್ಗೆ ಅಷ್ಟೊಂದು ಆತಂಕ ಬೇಡ.

ಆತಂಕ ಪಡಬೇಕಾದ್ದು ಜನರ ಫೋನಿನಲ್ಲಿ ಉಳಿಯುವ ಪ್ರತಿಗಳ ಬಗ್ಗೆ. ನಮ್ಮ ಪೋಸ್ಟನ್ನು ಯಾರಾದರೂ ಬರೀ ಶೇರ್ ಮಾಡಿದ್ದರೆ, ಮೂಲ ಪೋಸ್ಟ್ ಹೋದಾಗ ಅವರ ಗೋಡೆಯ ಮೇಲಿನ ಫೋಟೊವೂ ಹೋಗುತ್ತದೆ. ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅಥವಾ ಇಳಿಸಿಕೊಂಡು ತಮ್ಮದೇ ಪೋಸ್ಟ್ ಆಗಿ ಹಾಕಿದ್ದರೆ ಅದು ಬೇರೆಯೇ ಪ್ರತಿ. ನಾವು ಏನು ಅಳಿಸಿದರೂ ಅದಕ್ಕೆ ತಗಲುವುದಿಲ್ಲ. “ಈ ತರ ವರ್ಕ್ ಬೇಕು” ಎಂದು ನಮ್ಮದೇ ಫೋಟೊದ ಸ್ಕ್ರೀನ್‌ಶಾಟ್ ಹಿಡಿದು ಬರುವವರನ್ನು ದಿನಾ ನೋಡುತ್ತೇವೆ. ಅವರಿಗೆ ಬೇಕಾದ್ದು ಬೆನ್ನಿನ ಡಿಸೈನ್. ಅದರ ಜೊತೆಗೆ ಇನ್ನೊಂದು ಮನೆಯ ಹೆಣ್ಣುಮಗಳ ಮುಖವೂ ಅವರ ಗ್ಯಾಲರಿಯಲ್ಲಿ ಕೂತಿರುತ್ತದೆ. ಆ ಫೋನು ಯಾರ್ಯಾರ ಕೈಗೆ ಹೋಗುತ್ತದೋ ಹೇಳಬಲ್ಲವರು ಯಾರು?

ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಗೆ ತಾನಾಗಿ ಹೋಗುತ್ತದೆ. ಅಷ್ಟರೊಳಗೆ ಸ್ಕ್ರೀನ್‌ಶಾಟ್ ತೆಗೆದವರ ಹತ್ತಿರ ಉಳಿಯುತ್ತದೆ. ಗ್ರೂಪಿಗೆ ಕಳಿಸಿದ್ದನ್ನು ಎಲ್ಲರಿಗೂ ಕಾಣದಂತೆ ಅಳಿಸಲು ಎರಡೂವರೆ ದಿನದಷ್ಟು ಅವಕಾಶವಿದೆ. ಆದರೆ ಐಫೋನ್ ಗ್ಯಾಲರಿಗೆ ಆಗಲೇ ಸೇರಿದ ಚಿತ್ರ ಅಳಿಯದೆ ಉಳಿಯಬಹುದು. ಫಾರ್ವರ್ಡ್ ಆಗಿ ಇನ್ನೊಂದು ಗ್ರೂಪಿಗೆ ಹೋದದ್ದಂತೂ ನಮ್ಮ ಕೈ ಮೀರಿದ್ದು.

ಸಂಘಕ್ಕೆ ಒಂದು ಸಣ್ಣ ವೆಬ್‌ಸೈಟ್ ಕೂಡ ಇದೆ. ಅಲ್ಲಿಂದ ತೆಗೆದುಹಾಕಿದ ಫೋಟೊ ಗೂಗಲ್ ಹುಡುಕಾಟದಲ್ಲಿ ಕೆಲವು ಕಾಲ ಕಾಣಿಸುತ್ತಲೇ ಇರಬಹುದು. ಬೇಗ ತೆಗೆಸಲು ಗೂಗಲ್‌ಗೇ ಮನವಿ ಕೊಡುವ ವ್ಯವಸ್ಥೆ ಇದೆ, ಅದನ್ನು ಬಳಸುತ್ತಿದ್ದೇವೆ. ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ವೆಬ್ ಪುಟಗಳ ಪ್ರತಿ ಕೂಡಿಡುತ್ತಾ ಬಂದಿದೆ. ಅದರ ವೇಬ್ಯಾಕ್ ಮಷಿನ್‌ನಲ್ಲಿ ಮೂಲದಲ್ಲಿ ಅಳಿಸಿದ ಪುಟಗಳನ್ನೂ ಯಾರು ಬೇಕಾದರೂ ನೋಡಬಹುದು. ಹಳೇ ದಾಖಲೆ ಹುಡುಕುವವರಿಗೆ ಅದು ದೊಡ್ಡ ಉಪಕಾರ. ನಮ್ಮ ಗ್ಯಾಲರಿ ಪುಟದ ಪ್ರತಿ ಅಲ್ಲಿದ್ದರೆ ತೆಗೆಯುವಂತೆ ಪುಟದ ಮಾಲೀಕರಾಗಿ ಪತ್ರ ಬರೆದು ಕೇಳುತ್ತೇವೆ.

ಇಲ್ಲೊಂದು ಎಚ್ಚರಿಕೆಯ ಮಾತು. “ಡಿಲೀಟ್ ಆದ ಪೋಸ್ಟ್ ತೋರಿಸುತ್ತೇವೆ”, “ಯಾರು ಸೇವ್ ಮಾಡಿಕೊಂಡಿದ್ದಾರೆ ಹೇಳುತ್ತೇವೆ” ಎನ್ನುವ ಆ್ಯಪ್‌ಗಳಿಗೆ ಪಾಸ್‌ವರ್ಡ್, ಒಟಿಪಿ ಕೊಡಬೇಡಿ. ಬೇರೆಯವರು ತಮ್ಮ ಖಾತೆಯಲ್ಲಿ ಅಳಿಸಿದ್ದನ್ನು ತೆಗೆದು ತೋರಿಸುವ ಬಾಗಿಲು ಇನ್‌ಸ್ಟಾಗ್ರಾಂ ಆಗಲಿ ಫೇಸ್‌ಬುಕ್ ಆಗಲಿ ಯಾರಿಗೂ ಕೊಟ್ಟಿಲ್ಲ. ಫೋಟೊ ಇಟ್ಟುಕೊಂಡು ಯಾರಾದರೂ ಹೆದರಿಸಿದರೆ ಹಣ ಕೊಡದೆ, ಮೆಸೇಜ್ ಅಳಿಸದೆ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. 2021ರ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮಗಳ ಪ್ರಕಾರ, ದೂರಿನ ಮೇಲೆ ತೆಗೆದ ಪೋಸ್ಟನ್ನು ಕಂಪನಿಗಳು ತನಿಖೆಗಾಗಿ 180 ದಿನ ಕಾಪಾಡಬೇಕು. ಅಳಿಸಿದ್ದು ಹೀಗೆ ಉಳಿಯುವುದು ನೊಂದವರ ಪರವಾಗಿಯೇ ಇದೆ. ಪೋಸ್ಟ್ ಕಾಣದಾಯಿತು, ಸಾಕ್ಷಿ ಹೋಯಿತು ಎಂದು ಸುಮ್ಮನಾಗಬೇಡಿ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ 2023ರಲ್ಲಿ ಬಂದ ಕಾಯ್ದೆ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯುವಂತಿರಬೇಕು ಎನ್ನುತ್ತದೆ. 18 ವರ್ಷದೊಳಗಿನವರಾದರೆ ತಂದೆ ತಾಯಿಯ ಒಪ್ಪಿಗೆ ಬೇಕು ಎಂದೂ ಹೇಳುತ್ತದೆ. ನಮ್ಮ ಹೊಸ ಪದ್ಧತಿಯನ್ನು ಇದಕ್ಕೆ ಹೊಂದಿಸಿಕೊಂಡಿದ್ದೇವೆ. ಲಂಗ ಬ್ಲೌಸ್ ಹೊಲಿಸಿಕೊಂಡ ಮಕ್ಕಳ ಫೋಟೊಗಳನ್ನು ಮೊದಲು ತೆಗೆದುಹಾಕಿದ್ದೇವೆ.

ಹ್ಯಾಂಗರ್ ಮೇಲಿನ ಬ್ಲೌಸಿಗೂ ಒಂದು ನಿಯಮವಿದೆ. ಮದುಮಕ್ಕಳ ಹೆಸರೋ ಚಿತ್ರವೋ ಇರುವ ವರ್ಕ್ ಆದರೆ ನಿಮ್ಮನ್ನು ಕೇಳದೆ ಹಾಕುವುದಿಲ್ಲ. ಬಿಲ್ ನಂಬರು, ಫೋನ್ ನಂಬರು ಇರುವ ಚೀಟಿಯನ್ನು ಬಿಚ್ಚಿಟ್ಟು ಆಮೇಲೆ ಫೋಟೊ ತೆಗೆಯುತ್ತೇವೆ. ಅಳತೆ ಪುಸ್ತಕದಲ್ಲಿ ನಿಮ್ಮ ಅಳತೆಯ ಪಕ್ಕದಲ್ಲೇ “ಫೋಟೊ ಹಾಕಬಹುದು / ಬೇಡ” ಎಂದು ಬರೆದುಕೊಳ್ಳುತ್ತೇವೆ. ಮನಸ್ಸು ಬದಲಾದರೆ ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಕಾರಣ ಕೇಳುವುದಿಲ್ಲ. ಡಿಸೈನ್‌ಗೆಂದು ನೀವು ಕಳಿಸುವ ಫೋಟೊಗಳನ್ನು ಡೆಲಿವರಿ ಆದ ಮೇಲೆ ಅಳಿಸುತ್ತೇವೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದು ಟ್ರ್ಯಾಶ್‌ನಲ್ಲೂ 60 ದಿನ ಇರುತ್ತದೆ. ಸಂಘದ ಫೋನಿನಲ್ಲಿ ಅದನ್ನೂ ಖಾಲಿ ಮಾಡುತ್ತೇವೆ.

ಇದರಿಂದ ನಮಗೆ ನಷ್ಟವಿಲ್ಲ ಎಂದು ಹೇಳಲಾರೆವು. ಮೈಮೇಲೆ ಕೂತ ಬ್ಲೌಸಿನ ಅಂದ ಗೊಂಬೆಯ ಮೇಲೆ ಬರುವುದಿಲ್ಲ. ಕ್ಯಾತ್ಸಂದ್ರ, ಗುಬ್ಬಿ, ಕೊರಟಗೆರೆ ಕಡೆಯ ನಮ್ಮ ಸದಸ್ಯೆಯರು ಮನೆಗೆಲಸ ಮುಗಿಸಿ, ಸಂಜೆ ಸ್ಟ್ಯಾಂಡಿಗೆ ಬಟ್ಟೆ ಬಿಗಿದು, ಒಂದೊಂದೇ ಮಣಿ ಪೋಣಿಸಿ ಕೂರಿಸುತ್ತಾರೆ. ತಮ್ಮ ಕೈಕೆಲಸವನ್ನು ಊರು ನೋಡಲಿ ಎಂಬ ಆಸೆ ಅವರಿಗಿದೆ, ಅದು ನ್ಯಾಯವಾದದ್ದೇ. ಆದರೂ ಸಭೆಯಲ್ಲಿ ಈ ಬದಲಾವಣೆಗೆ ಮೊದಲು ಕೈ ಎತ್ತಿದವರು ಅವರೇ. ನಿಮ್ಮ ಫೋಟೊವನ್ನು ನೀವೇ ನಿಮ್ಮ ಖಾತೆಯಲ್ಲಿ ಹಾಕಿ ನಮ್ಮನ್ನು ಟ್ಯಾಗ್ ಮಾಡಿದರೆ ಅವರಿಗೆ ತುಂಬಾ ಸಂತೋಷ. ಅದನ್ನು ಇಡುವುದು, ತೆಗೆಯುವುದು ನಿಮ್ಮ ಕೈಯಲ್ಲೇ ಇರುತ್ತದೆ.

ಹಳೇ ಫೋಟೊ ಎಲ್ಲಾದರೂ ಕಣ್ಣಿಗೆ ಬಿದ್ದರೆ ಅದರ ಲಿಂಕನ್ನು ಸಂಘದ ವಾಟ್ಸ್‌ಆ್ಯಪ್ ನಂಬರಿಗೆ ಕಳಿಸಿ, ಇಲ್ಲವೇ ಅಂಗಡಿಗೆ ಬಂದು ತೋರಿಸಿ. ನಮ್ಮದಾದರೆ ಅವತ್ತೇ ತೆಗೆಯುತ್ತೇವೆ. ಬೇರೆಯವರು ಹಾಕಿದ್ದಾದರೆ ರಿಪೋರ್ಟ್ ಮಾಡಲು ಜೊತೆಗೆ ಕೂತು ಸಹಾಯ ಮಾಡುತ್ತೇವೆ. ಹಬ್ಬದ ಆರ್ಡರ್‌ಗಳಿಂದ ಅಂಗಡಿಯಲ್ಲಿ ಜನ ಇರುತ್ತಾರೆ. ಫೋಟೊ ವಿಚಾರಕ್ಕೆ ಬಂದವರು ಸಾಲಿನಲ್ಲಿ ನಿಲ್ಲುವುದು ಬೇಡ, ನೇರವಾಗಿ ಅಳತೆ ತೆಗೆಯುವ ಮೇಜಿನ ಹತ್ತಿರ ಬನ್ನಿ.

ಇಂತಿ ನಿಮ್ಮ ವಿಶ್ವಾಸದ,
ಕಾರ್ಯದರ್ಶಿ ಮತ್ತು ಸದಸ್ಯೆಯರು
ಮಹಿಳಾ ಟೈಲರಿಂಗ್ ಸಹಕಾರ ಸಂಘ, ತುಮಕೂರು