ತೈವಾನ್ ಟೀಚರ್‌ಗಳ ಗಮನಕ್ಕೆ: 27ರ ಸಂಜೆ ನಗೋಕೆ ಬನ್ನಿ

ಎಲ್ಲರಿಗೂ ನಮಸ್ಕಾರ, ಊಟ ಆಯ್ತಾ? (ಅಲ್ಲಿನ ಅಜ್ಜಿಯರೂ ಹೀಗೇ ಮಾತು ಶುರು ಮಾಡುತ್ತಾರೆ, ಗಾಬರಿಯಾಗಬೇಡಿ.)

ಸೆಪ್ಟೆಂಬರ್ 28 ತೈವಾನ್‌ನಲ್ಲಿ ಶಿಕ್ಷಕರ ದಿನ. ಅದರ ಹಿಂದಿನ ದಿನ, 27ರಂದು, ವಿಡಿಯೊ ಕಾಲ್‌ನಲ್ಲಿ ಸೇರೋಣ. ತೈಪೆಯಲ್ಲಿ ರಾತ್ರಿ 8, ಊರಲ್ಲಿರುವವರಿಗೆ ಸಂಜೆ 5.30. ಇಂಗ್ಲಿಷ್ ಕಲಿಸಲು ಈ ವರ್ಷ ಹೊಸದಾಗಿ ಬಂದವರು ತಪ್ಪಿಸಬೇಡಿ.

ಹಳಬರು ತಂತಮ್ಮ ಕ್ಲಾಸಿನ ಒಂದು ತಮಾಷೆ ಹೇಳಬೇಕು. ಕಸದ ಗಾಡಿಯ ಕಥೆ ಮಾತ್ರ ಒಬ್ಬರೇ ಹೇಳಿ, ಪ್ಲೀಸ್! ಅದು ಬೇಥೋವನ್ ರಾಗ ನುಡಿಸುತ್ತಾ ಬರುತ್ತದೆ, ಹೊಸ ಟೀಚರ್ ಐಸ್‌ಕ್ರೀಮ್ ಗಾಡಿ ಅಂದುಕೊಂಡು ಕಿಟಕಿಗೆ ಓಡುತ್ತಾರೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಎಲ್ಲರ ಹತ್ತಿರವೂ ಇದೇ ಇದೆ. ತಮಗೆ ತಾವೇ ಇಂಗ್ಲಿಷ್ ಹೆಸರಿಟ್ಟುಕೊಂಡು, ಮುಂದಿನ ವಾರ ಅದನ್ನು ಬದಲಿಸಿ, ಹಾಜರಿ ಕರೆದರೆ ಓಗೊಡದ ಮಕ್ಕಳ ಕಥೆಗಳಿಗೆ ನನ್ನ ವೋಟು.

ಹೊಸಬರಿಗೆ ಈಗಲೇ ಎರಡು ಮಾತು. ಮಕ್ಕಳ ಹೆಸರನ್ನು ಕೆಂಪು ಇಂಕಿನಲ್ಲಿ ಬರೆಯಬೇಡಿ, ಅಲ್ಲಿ ಅದು ಅಪಶಕುನ. ಉತ್ತರ ತಿದ್ದಲು ಕೆಂಪು ನಡೆಯುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಮಕ್ಕಳು ಡೆಸ್ಕಿಗೆ ತಲೆಯಿಟ್ಟು ಮಲಗಿದರೆ ಎಬ್ಬಿಸಬೇಡಿ. ಅದು ಟೈಮ್‌ಟೇಬಲ್‌ನಲ್ಲೇ ಇರುವ ನಿದ್ದೆ. ಸಾಧ್ಯವಾದರೆ ನೀವೂ ಮಲಗಿ.

ಬರುವವರು 25ರೊಳಗೆ ಇಲ್ಲೇ ಹೆಸರು ಹಾಕಿ. ಕಾಲ್‌ಗೆ ಸೇರಲಾಗದವರು ಎರಡು ನಿಮಿಷದ ವಾಯ್ಸ್ ಮೆಸೇಜ್ ನನಗೆ ಪ್ರತ್ಯೇಕವಾಗಿ ಕಳಿಸಿ. ಮಕ್ಕಳ ಫೋಟೊ, ಹೆಸರು, ಶಾಲೆಯ ಗುರುತು ಯಾವುದೂ ಬೇಡ. ಲಿಂಕ್ ಅದೇ ದಿನ ಬೆಳಿಗ್ಗೆ ಹಾಕುತ್ತೇನೆ. ಗುಡ್ ಮಾರ್ನಿಂಗ್ ಹೂವುಗಳ ಅಡಿಯಲ್ಲಿ ಅದು ಮುಚ್ಚಿಹೋಗದಂತೆ ಸಹಕರಿಸಿ.